ಹಳೆಯ ದಿಬ್ಬ

ಕೋಟೆ ಅಂದ ಕೂಡಲೇ ಕಲ್ಲು ನೆನಪಾಗುತ್ತದೆ. ಆದರೆ ವೇಲ್ಸ್‌ನ ಗಡಿಯಲ್ಲಿ, ಮಾಂಟ್‌ಗೊಮರಿ ಊರಿನ ಹತ್ತಿರ ಇರುವ ಹೆನ್ ಡೊಮೆನ್‌ನಲ್ಲಿ ಒಂದು ಗೋಡೆಯೂ ನಿಂತಿಲ್ಲ. ಮರಗಿಡ ಬೆಳೆದ ಮಣ್ಣಿನ ದಿಬ್ಬ, ಪಕ್ಕದಲ್ಲೊಂದು ಆವರಣ, ಸುತ್ತ ಕಂದಕ, ಅಷ್ಟೇ. ವೆಲ್ಷ್ ಭಾಷೆಯಲ್ಲಿ ಆ ಹೆಸರಿನ ಅರ್ಥವೇ ‘ಹಳೆಯ ದಿಬ್ಬ’.

1070ರ ದಶಕದಲ್ಲಿ ನಾರ್ಮನ್ ಸರದಾರ ರೋಜರ್ ಡಿ ಮಾಂಟ್‌ಗೊಮರಿ ಕಟ್ಟಿಸಿದ ಮರದ ಕೋಟೆ ಅದು. ಮರ ಕೊಳೆತು ಮಣ್ಣಾಯಿತು. ಆದರೆ ಕಂಬ ನೆಟ್ಟ ಗುಳಿಯೊಳಗಿನ ಮಣ್ಣಿನ ಬಣ್ಣ ಸುತ್ತಲಿನ ಮಣ್ಣಿಗಿಂತ ಬೇರೆ. ಪುರಾತತ್ತ್ವಜ್ಞ ಫಿಲಿಪ್ ಬಾರ್ಕರ್ 1960ರಲ್ಲಿ ಅಲ್ಲಿ ಉತ್ಖನನ ಶುರುಮಾಡಿದರು. ಸುಮಾರು ಮೂವತ್ತು ವರ್ಷ, ಬೇಸಿಗೆ ಬೇಸಿಗೆಗೂ, ಕರಣೆಯಿಂದ ಪದರ ಪದರವಾಗಿ ಕೆರೆಯುತ್ತ ಆ ಬಣ್ಣಗಳನ್ನೇ ಓದಿದರು. ಮನೆಗಳು, ಬೇಲಿ, ಸೇತುವೆ ಒಂದೊಂದಾಗಿ ಮೇಲೆದ್ದು ಬಂದವು. ಖಾಲಿ ಅಂದುಕೊಂಡಿದ್ದ ಆವರಣದ ತುಂಬ ಒತ್ತೊತ್ತಾಗಿ ಕಟ್ಟಡಗಳಿದ್ದವು! ಇಲ್ಲದ ಮರವನ್ನು ಮಣ್ಣಿನಲ್ಲಿ ಕಂಡ ಆ ತಾಳ್ಮೆಗೆ ನನ್ನ ನಮಸ್ಕಾರ.

1223ರಲ್ಲಿ ದೊರೆ ಮೂರನೇ ಹೆನ್ರಿ ಹತ್ತಿರದ ಬಂಡೆಯ ಮೇಲೆ ಕಲ್ಲಿನ ಕೋಟೆ ಕಟ್ಟಿಸತೊಡಗಿದ. ಅದನ್ನು 1649ರಲ್ಲಿ ಕೆಡವಿದರು. ಮಣ್ಣಿನ ದಿಬ್ಬ ಇನ್ನೂ ಅಲ್ಲೇ ಇದೆ.