ರೊಟ್ಟಿಯ ಸಪ್ಪಳ

ನಮ್ಮ ಮನೆಯಲ್ಲಿ ಸಿನಿಮಾ ಎಂಬುದು ಒಳ್ಳೆಯ ಮಾತುಗಳ ಸಾಲಿಗೆ ಸೇರಿದುದಲ್ಲ. ಜಾತ್ರೆಗೆ ಹೋದಾಗ ಒಂದು ಆಟವನ್ನು ನೋಡಿ ಬರಬಹುದು. ಆದರೆ ಮನೆಯ ಮಗಳು ಆ ಉದ್ಯೋಗವನ್ನು ಕಲಿಯಲು ಬೆಂಗಳೂರಿಗೆ ಹೋಗುವಳೆಂದರೆ ಯಾವ ತಂದೆಯೂ ಒಮ್ಮೆಲೇ ಒಪ್ಪಲಾರನು. 2022ರ ಬೇಸಗೆಯಲ್ಲಿ ನನ್ನ ತಂದೆಯವರೂ ಒಪ್ಪಲಿಲ್ಲ. ನಾನಾಗ ಕಲಬುರಗಿಯಲ್ಲಿ ಸಮೂಹ ಸಂವಹನದ ವಿದ್ಯಾರ್ಥಿನಿ. ಪದವಿ ಕೈಸೇರಬೇಕಾದರೆ ಎರಡು ತಿಂಗಳು ಎಲ್ಲಿಯಾದರೂ ನಿಂತು ಪ್ರತ್ಯಕ್ಷ ಕೆಲಸವನ್ನು ಕಲಿತು ಬರಬೇಕೆಂಬ ನಿಯಮವಿದ್ದಿತು. ಈಗಿನವರು ಇದನ್ನು ಇಂಟರ್ನ್‌ಶಿಪ್ ಎನ್ನುತ್ತಾರೆ. ನಮ್ಮ ಅಜ್ಜನವರ ಕಾಲದ ಮಾತಿನಲ್ಲಿ ಹೇಳುವುದಾದರೆ ಉಮೇದುವಾರಿ. ಕೆಲಸವುಂಟು, ಸಂಬಳವಿಲ್ಲ.

“ನಾಲ್ಕು ಮಂದಿ ಏನಂದಾರು?” ಎಂದರು ತಂದೆಯವರು. ಒಲೆಯ ಮುಂದೆ ಕುಳಿತಿದ್ದ ತಾಯಿ ತಿರುಗಿ ಸಹ ನೋಡದೆ, “ಕೆಲಸ ಕಲಿಲಾಕ ಹೊಂಟಾಳ, ಕಳವು ಮಾಡಲಾಕಲ್ಲ. ಹೋಗಿ ಬರ್ಲಿ” ಎಂದು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಳು. ಅಲ್ಲಿಗೆ ತೀರ್ಮಾನವಾಯಿತು.

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿರುವ ನಮ್ಮ ಕಮಲಾಪುರವು ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಒಂದು ಡಜನ್ ಹಣ್ಣು, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇವುಗಳ ಗಂಟಿನೊಂದಿಗೆ ಕಲಬುರಗಿಯಲ್ಲಿ ರಾತ್ರಿಯ ರೈಲು ಹತ್ತಿದೆನು. ಕಿಟಕಿಯ ಹೊರಗೆ ನಿಂತ ತಂದೆಯವರು, “ತಲುಪಿದ ಕೂಡಲೆ ಫೋನ್ ಮಾಡು” ಎಂಬುದೊಂದನ್ನೇ ನಾಲ್ಕು ಸಲ ಹೇಳಿದರು.

ನನಗೆ ಸ್ಥಳ ದೊರೆತುದು ಧ್ವನಿಗ್ರಹಣದ ಒಂದು ಶಾಲೆಯಲ್ಲಿ. ಚಲಚ್ಚಿತ್ರದಲ್ಲಿ ನಾವು ಕೇಳುವ ಸದ್ದುಗಳೆಲ್ಲ ಚಿತ್ರ ತೆಗೆದಾಗಲೇ ಬಂದವುಗಳಲ್ಲವೆಂಬುದು ಅನೇಕ ವಾಚಕರಿಗೆ ತಿಳಿದಿರಲಿಕ್ಕಿಲ್ಲ. ಹೆಜ್ಜೆಯ ಸದ್ದು, ಸೀರೆಯ ಸರಸರ, ಪಾತ್ರೆಯ ಠಣತ್ಕಾರ ಇವುಗಳನ್ನು ಅನಂತರ ತೆರೆಯನ್ನು ನೋಡುತ್ತ ಹೊಸದಾಗಿ ಮಾಡಿ ಸೇರಿಸುತ್ತಾರೆ. ವಾಕ್ಚಿತ್ರದ ಮೊದಲ ದಿನಗಳಲ್ಲಿ ಅಮೆರಿಕೆಯ ಯೂನಿವರ್ಸಲ್ ಸ್ಟುಡಿಯೋದಲ್ಲಿದ್ದ ಜಾಕ್ ಫೋಲಿ ಎಂಬವನು ಈ ರೀತಿಯನ್ನು ರೂಢಿಸಿದುದರಿಂದ ಈ ಕೆಲಸಕ್ಕೆ ಅವನ ಹೆಸರೇ ನಿಂತಿದೆ. ತೆಂಗಿನ ಚಿಪ್ಪುಗಳೆರಡನ್ನು ತಟ್ಟಿದರೆ ಕುದುರೆ ಓಡುತ್ತದೆ. ಮೆಕ್ಕೆಜೋಳದ ಪಿಷ್ಟದ ಚೀಲವನ್ನು ಹಿಸುಕಿದರೆ ಹಿಮದ ಮೇಲೆ ಹೆಜ್ಜೆ ಬೀಳುತ್ತದೆ. ತೆರೆಯ ಮೇಲೆ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಸದ್ದು ನಾಲ್ಕಾರು ಚಿತ್ರಗಳಷ್ಟು ಹಿಂದೆ ಬಿದ್ದರೂ ಕಣ್ಣಿಗೂ ಕಿವಿಗೂ ಜಗಳ ಹತ್ತುತ್ತದೆ.

ನನ್ನ ಪಾಲಿಗೆ ಬಂದುದು ಚಹಾ ತರುವುದು, ತಂತಿ ಸುತ್ತುವುದು, ಸದ್ದುಗಳಿಗೆ ಹೆಸರು ಬರೆದಿಡುವುದು. ಮೊದಲನೆಯ ದಿನವೇ ಯಾರೋ ಕೂಗಿದಾಗ “ತರ್ಲತ್ತೀನ್ರಿ” ಎಂದೆ. ಎಲ್ಲರೂ ನಕ್ಕರು, ಅದನ್ನು ಮತ್ತೆ ಹೇಳಿಸಿ ಮತ್ತೆ ನಕ್ಕರು. ಕೆಟ್ಟ ಮನಸ್ಸಿನವರಲ್ಲ, ಆದರೂ ಅಂದಿನಿಂದ ನಾನು ಮಾತು ಕಡಿಮೆ ಮಾಡಿದೆ. ಕನ್ನಡದ ಮೊದಲ ವಾಕ್ಚಿತ್ರವೆಂದು ಹೆಸರಾದ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡಿತು. ಅದರ ಚಿತ್ರೀಕರಣವಾದುದು ಬೆಂಗಳೂರಿನಲ್ಲಲ್ಲ, ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಕನ್ನಡ ಸಿನಿಮಾ ಮೊದಲು ಮಾತು ಕಲಿತುದೇ ಅಷ್ಟು ದೂರದಲ್ಲಿ ಎಂದ ಮೇಲೆ ದೂರದ ಊರಿನವಳಾದ ನಾನು ನಾಚುವುದೇಕೆಂದು ರಾತ್ರಿ ಮಲಗುವಾಗ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಬೆಳಗಾದರೆ ಮತ್ತೆ ಮೌನ.

ಒಂದು ಮಧ್ಯಾಹ್ನ ನಮ್ಮ ಕಡೆಯ ಮನೆಯೊಂದರ ದೃಶ್ಯ ಬಂದಿತು. ನಾಯಿಕೆ ರೊಟ್ಟಿ ಬಡಿಯುತ್ತಿದ್ದಾಳೆ. ಸದ್ದು ಮಾಡುವವರು ಗೋದಿಯ ಹಿಟ್ಟನ್ನು ತಟ್ಟುತ್ತಿದ್ದರು. ಅದು ಒದ್ದೆ ಬಟ್ಟೆಯನ್ನು ಒಗೆದಂತೆ ಕೇಳಿಸಿತು. ತಡೆಯಲಾರದೆ, “ಅದು ಜ್ವಾಳದ ಹಿಟ್ಟಲ್ರಿ” ಎಂದುಬಿಟ್ಟೆ. ಈ ಸಲ ಯಾರೂ ನಗಲಿಲ್ಲ. ಜೋಳದ ಹಿಟ್ಟು ತರಿಸಿದರು. ಜೋಳಕ್ಕೆ ಗೋದಿಯಂತೆ ಜಿಗುಟಿಲ್ಲ. ಬಿಸಿನೀರಿನ ಎಸರು ಹಾಕಿ ನಾದಿದರೇನೇ ಅದು ಒಂದುಗೂಡುವುದು. ನಾದಿ ಹಲಗೆಯ ಮೇಲೆ ಬಡಿಯತೊಡಗಿದೆ. ಮೊದಲು ದಪ್ಪ ಸಪ್ಪಳ. ರೊಟ್ಟಿ ತೆಳುವಾದಂತೆ ಹಲಗೆಯ ದನಿಯೂ ಸೇರಿ ಸಪ್ಪಳವು ಹಗುರಾಗಿ ಏರುತ್ತದೆ. ಕೈಗೆ ಗಾಜಿನ ಬಳೆ ಬೇಕೆಂದು ನಾನೇ ಹೇಳಿದೆ. ಕಷ್ಟವಾದುದು ಬೇರೆಯೇ: ನಾಯಿಕೆಯ ಕೈ ಬಹಳ ನಿಧಾನ, ಅದಕ್ಕೆ ಹೊಂದುವಂತೆ ನನ್ನ ಕೈಯನ್ನು ತಡೆತಡೆದು ಬಡಿಯಬೇಕಾಯಿತು. ಹನ್ನೊಂದನೆಯ ಸಲಕ್ಕೆ ಕೂಡಿಬಂದಿತು. ಹಿರಿಯರೊಬ್ಬರು, “ಚಿತ್ರದ ಕೊನೆಗೆ ನಿನ್ನ ಹೆಸರು ಬರುತ್ತದೆ” ಎಂದರು. ಆ ರಾತ್ರಿಯೇ ಮನೆಗೆ ಫೋನು ಮಾಡಿ ಹೆಸರಿನ ವಿಷಯವನ್ನಷ್ಟೇ ತಿಳಿಸಿದೆ. ರೊಟ್ಟಿಯ ವಿಷಯ ಹೇಳಲಿಲ್ಲ. ಬೆಂಗಳೂರಿಗೆ ಹೋಗಿ ರೊಟ್ಟಿ ಬಡಿದಳೆಂದರೆ ತಂದೆಯವರು ಏನೆಂದುಕೊಂಡಾರೋ ಎಂಬ ಅಂಜಿಕೆ.

ಮರುವರ್ಷ ಆ ಚಿತ್ರವು ಕಲಬುರಗಿಗೆ ಬಂದಿತು. ತಂದೆಯವರು ಯಾವ ‘ನಾಲ್ಕು ಮಂದಿ’ಗೆ ಅಂಜಿದ್ದರೋ ಅವರನ್ನೇ, ಅತ್ತೆ ಮಾವಂದಿರನ್ನೂ ನೆರೆಯವರನ್ನೂ, ಸ್ವಂತ ಖರ್ಚಿನಿಂದ ಕರೆತಂದರು. ಚಿತ್ರ ಮುಗಿದು ಹೆಸರುಗಳು ಮೇಲೇರತೊಡಗಿದವು. ಜನರೆಲ್ಲ ಎದ್ದು ಹೋದರು, ನಾವು ಕುಳಿತೆವು. ವಾಹನ ನಡೆಸಿದವರ, ಊಟ ಬಡಿಸಿದವರ ಹೆಸರುಗಳೂ ಬಂದವು. ನನ್ನದು ಬರಲಿಲ್ಲ. ದೀಪ ಹತ್ತಿತು. ತಂದೆಯವರು ನನ್ನ ಮುಖವನ್ನು ನೋಡಲಿಲ್ಲ.

ಆಗ ತಾಯಿ ಸೆರಗು ಸರಿಪಡಿಸಿಕೊಳ್ಳುತ್ತ ಅಂದಳು: “ಆ ಹುಡುಗಿಗಿ ರೊಟ್ಟಿ ಬಡಿಲಾಕ ಬರಂಗಿಲ್ಲ. ಕೈ ಆಕಿದು, ಸಪ್ಪಳ ಮಾತ್ರ ನಮ್ಮನಿದು ಅದ.”

ನನಗೆ ಗಂಟಲು ಕಟ್ಟಿತು. ಹೆಸರು ಬಾರದುದಕ್ಕೆ ವ್ಯಸನವಾಗಲಿಲ್ಲವೆಂದರೆ ಸುಳ್ಳಾದೀತು. ಆಡಿದ ಮಾತನ್ನು ನಡೆಸದವರ ಮೇಲಿನ ಬೇಸರ ಇಂದಿಗೂ ಇದೆ. ಆದರೆ ಇಷ್ಟು ವರ್ಷ ಪ್ರತಿದಿನ ನಮಗಾಗಿ ರೊಟ್ಟಿ ಬಡಿದವಳ ಹೆಸರನ್ನು ನಾವು ಯಾವ ತೆರೆಯ ಮೇಲೆ ಬರೆದಿದ್ದೆವು? ಆ ಸಪ್ಪಳಕ್ಕೇ ನಾವು ಬೆಳಗ್ಗೆ ಏಳುತ್ತಿದ್ದೆವು. ಒಮ್ಮೆಯಾದರೂ ಅದನ್ನು ಕಿವಿಗೊಟ್ಟು ಕೇಳಿದವರಲ್ಲ.

ಕಮಲಾಪುರದ ಬಸ್ಸಿನಲ್ಲಿ ತಂದೆಯವರು ಬಹಳ ಹೊತ್ತು ಸುಮ್ಮನಿದ್ದರು. ಊರು ಹತ್ತಿರವಾದಾಗ ಹಿಂದಿನ ಸೀಟಿನಲ್ಲಿದ್ದ ಅತ್ತೆಯ ಕಡೆಗೆ ತಿರುಗಿ, “ಆ ರೊಟ್ಟಿ ಸಪ್ಪಳ ಕೇಳಿದ್ಯಲ್ಲಾ, ಅದು ನಮ್ಮ ಹುಡುಗಿ ಮಾಡಿದ್ದು” ಎಂದರು. ಬಸ್ಸಿನವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದರು.