ಸೈನಿಕನ ಮನೆಯ ಕಾಲೇಜು ರಶೀದಿ

ನಮ್ಮ ಬಸರೀಕಟ್ಟೆಯ ಕಡೆ ಮನೆಗಳಲ್ಲಿ ಆದಾಯ ತೆರಿಗೆಯ ಮಾತು ಬರುವುದೇ ಅಪರೂಪ. ಅಡಿಕೆ, ಕಾಫಿ, ಕಾಳುಮೆಣಸು ಇವುಗಳ ಸುತ್ತಲೇ ಇಲ್ಲಿನ ಬದುಕು. ಕೊಳೆ ರೋಗ ಬಂತೇ, ಹಳದಿ ಎಲೆ ರೋಗ ಪಕ್ಕದ ತೋಟಕ್ಕೂ ಹಬ್ಬಿತೇ ಎಂಬುದೇ ಹೆಂಗಸರ ಚಿಂತೆ. ಆದರೆ ಸೈನಿಕನ ಮನೆಯ ಲೆಕ್ಕ ಬೇರೆ. ಸಂಬಳದಂತೆ ಸೇನೆಯ ನಿವೃತ್ತಿ ಪಿಂಚಣಿಯೂ ತೆರಿಗೆಯ ಲೆಕ್ಕಕ್ಕೆ ಬರುತ್ತದೆ ಎಂಬುದು ನನ್ನ ಯಜಮಾನರು ಹವಾಲ್ದಾರರಾಗಿ 2021ರಲ್ಲಿ ನಿವೃತ್ತರಾಗಿ ಮನೆಗೆ ಬಂದ ಮೇಲೆ ನನಗೆ ತಿಳಿಯಿತು.

ಮರುವರ್ಷ ನಮ್ಮ ಮಗಳಿಗೆ ಮಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಸೀಟು ಸಿಕ್ಕಿತು. "ಹೆಣ್ಣು ಹುಡುಗಿ, ಅಷ್ಟು ದೂರ ಯಾಕೆ? ಅದೇ ದುಡ್ಡಿನಲ್ಲಿ ಮದುವೆ ಮುಗಿಯುತ್ತಿತ್ತು" ಎಂದವರೂ ಇದ್ದರು. ಅವಳ ಅಬ್ಬಾ ಮಾತ್ರ, "ಗಡಿಯಲ್ಲಿ ಗಾಯಗೊಂಡ ನಮ್ಮವರನ್ನು ಉಳಿಸಿದ್ದು ನರ್ಸ್‌ಗಳು. ನನ್ನ ಮಗಳು ಅದೇ ಓದಲಿ" ಎಂದರು. ಮಾತು ಸುಲಭ, ಹಣ ಕಷ್ಟ. ಮೊದಲ ವರ್ಷಕ್ಕೇ ಒಂದು ಲಕ್ಷದ ಹತ್ತು ಸಾವಿರ ಬೇಕಿತ್ತು.

ಬ್ಯಾಂಕಿನ ಶಿಕ್ಷಣ ಸಾಲ ಸಿಗುತ್ತಿತ್ತು. ಆದರೆ ಬಡ್ಡಿಯ ವ್ಯವಹಾರ ಬೇಡವೆಂದು ಇಬ್ಬರೂ ನಿಶ್ಚಯಿಸಿದೆವು. ನನ್ನ ಅಣ್ಣ ಬಡ್ಡಿಯಿಲ್ಲದೆ ಒಂದು ಲಕ್ಷ ಕೈಸಾಲ ಕೊಟ್ಟ. 1961ರ ಆದಾಯ ತೆರಿಗೆ ಕಾನೂನಿನ 80ಇ ಕಲಮು ಉನ್ನತ ಶಿಕ್ಷಣದ ಸಾಲಕ್ಕೆ ಕಟ್ಟಿದ ಬಡ್ಡಿಯನ್ನು ಎಂಟು ವರ್ಷಗಳವರೆಗೆ ಆದಾಯದಿಂದ ಕಳೆಯಲು ಬಿಡುತ್ತಿತ್ತು. ಅಸಲಿಗೆ ಆ ಸೌಲಭ್ಯ ಇರಲಿಲ್ಲ. ಸಾಲವೂ ಬ್ಯಾಂಕಿನಂತಹ ಹಣಕಾಸು ಸಂಸ್ಥೆ ಅಥವಾ ಮಾನ್ಯತೆ ಪಡೆದ ದತ್ತಿ ಸಂಸ್ಥೆಯದ್ದಾಗಿರಬೇಕಿತ್ತು. ಬಡ್ಡಿಯೇ ಇಲ್ಲದ ಅಣ್ಣನ ಸಾಲಕ್ಕೆ ಅಲ್ಲಿ ಏನೂ ಸಿಗದು. ಬಡ್ಡಿಯಿಂದ ದೂರವಿರುವ ಮನೆಗೆ ಆ ಬಾಗಿಲು ಮುಚ್ಚಿದ್ದೇ ಸರಿ.

ಇನ್ನೊಂದು ಬಾಗಿಲು ತೆರೆದಿತ್ತು. ಅದು 80ಸಿ ಕಲಮು. ಇಬ್ಬರು ಮಕ್ಕಳವರೆಗೆ, ಭಾರತದೊಳಗಿನ ಶಾಲೆ ಕಾಲೇಜುಗಳ ಪೂರ್ಣಾವಧಿ ಕೋರ್ಸಿಗೆ ತಂದೆ ಅಥವಾ ತಾಯಿ ಕಟ್ಟಿದ ಬೋಧನಾ ಶುಲ್ಕವನ್ನು ಅದರಲ್ಲಿ ತೋರಿಸಬಹುದಿತ್ತು. ಭವಿಷ್ಯ ನಿಧಿ, ಜೀವ ವಿಮೆ ಎಲ್ಲ ಸೇರಿ ಮಿತಿ ಒಂದೂವರೆ ಲಕ್ಷ. ಶುಲ್ಕ ಕಟ್ಟಿದ ಹಣ ಕೈಸಾಲದ್ದಾದರೂ ಅಡ್ಡಿಯಿರಲಿಲ್ಲ. ಆದರೆ ಕಟ್ಟಿದವರು ತಂದೆ ಅಥವಾ ತಾಯಿಯೇ ಆಗಿರಬೇಕು. ಮಾಮು ನೇರವಾಗಿ ಕಾಲೇಜಿಗೆ ಕಟ್ಟಿದ್ದರೆ ಮಾಮುವಿಗೂ ಇಲ್ಲ, ನಮಗೂ ಇಲ್ಲ. ಆದ್ದರಿಂದ ಅಣ್ಣನ ಹಣವನ್ನು ಯಜಮಾನರ ಖಾತೆಗೆ ಹಾಕಿಸಿ ಅಲ್ಲಿಂದಲೇ ಕಟ್ಟಿದೆವು.

ತೊಡಕು ಬಂದದ್ದು ರಶೀದಿಯಲ್ಲಿ. ಕಾಲೇಜಿನವರು ಒಟ್ಟು ಮೊತ್ತ ಬರೆದು ಒಂದೇ ಚೀಟಿ ಕೊಟ್ಟಿದ್ದರು. ತೆರಿಗೆಯ ಲೆಕ್ಕಕ್ಕೆ ಬರುವುದು ಬೋಧನಾ ಶುಲ್ಕ ಮಾತ್ರ. ಹಾಸ್ಟೆಲ್, ಅಭಿವೃದ್ಧಿ ಶುಲ್ಕ, ದೇಣಿಗೆ, ಸಮವಸ್ತ್ರ ಯಾವುದೂ ಬರುವುದಿಲ್ಲ. ಯಜಮಾನರು ಬ್ಯಾಂಕೊಂದರಲ್ಲಿ ಕಾವಲು ಕೆಲಸಕ್ಕೆ ಸೇರಿದ್ದರು, ರಜೆ ಸಿಗಲಿಲ್ಲ. ನಾನೇ ಶೃಂಗೇರಿ, ಕಾರ್ಕಳ ದಾರಿಯಾಗಿ ಬಸ್ಸಿನಲ್ಲಿ ಮಂಗಳೂರಿಗೆ ಹೋದೆ. "ಇದನ್ನೆಲ್ಲ ಯಾರೂ ಕೇಳುವುದಿಲ್ಲ, ನೀವು ಯಾಕೆ ಬಂದಿರಿ? ಗಂಡಸರನ್ನು ಕಳಿಸಿ" ಎಂದರು ಗುಮಾಸ್ತರು. ನಾನು ಬೆಂಚಿನ ಮೇಲೆ ಕುಳಿತೆ. ಮೂರು ಗಂಟೆಯ ಮೇಲೆ ವಿಂಗಡಿಸಿದ ರಶೀದಿ ಕೈಗೆ ಬಂತು. ಬೋಧನಾ ಶುಲ್ಕ 70,000 ರೂಪಾಯಿ.

ಆ ಚೀಟಿಯ ಬೆಲೆ ಎಷ್ಟೆಂದು ಕೇಳಿ. 2022-23ರಲ್ಲಿ ಪಿಂಚಣಿ ಮತ್ತು ಸಂಬಳ ಕೂಡಿ, ಬೇರೆ ಕಡಿತಗಳೆಲ್ಲ ಕಳೆದ ಮೇಲೆ ಇವರ ಆದಾಯ 5,60,000 ರೂಪಾಯಿ ಉಳಿದಿತ್ತು. ಅದಕ್ಕೆ ಹಳೆಯ ಪದ್ಧತಿಯಲ್ಲಿ ತೆರಿಗೆ ಮತ್ತು ಸೆಸ್ ಸೇರಿ 25,480 ರೂಪಾಯಿ. 70,000 ಕಳೆದಾಗ ಆದಾಯ ಐದು ಲಕ್ಷದೊಳಗೆ ಬಂತು. ಐದು ಲಕ್ಷ ದಾಟದವರಿಗೆ ಆಗ ಪೂರ್ತಿ ರಿಯಾಯಿತಿ ಇದ್ದುದರಿಂದ ತೆರಿಗೆ ಸೊನ್ನೆಯಾಯಿತು. ಸಂಬಳದಲ್ಲಿ ಮೊದಲೇ ಹಿಡಿದದ್ದು ರಿಟರ್ನ್ ಸಲ್ಲಿಸಿದ ಮೇಲೆ ಮರಳಿ ಬಂತು. ಅದು ಅಣ್ಣನ ಸಾಲದ ಮೊದಲ ಕಂತಾಯಿತು.

ಈಗ ಕಾಲ ಬದಲಾಗಿದೆ. 2023-24ರಿಂದ ಹೊಸ ತೆರಿಗೆ ಪದ್ಧತಿಯೇ ತಾನಾಗಿ ಅನ್ವಯಿಸುತ್ತದೆ. ಅದರಲ್ಲಿ ಶುಲ್ಕದ ಕಡಿತವೂ ಇಲ್ಲ, ಸಾಲದ ಬಡ್ಡಿಯ ಕಡಿತವೂ ಇಲ್ಲ. ಬದಲಿಗೆ 2025-26ರಿಂದ ಸಂಬಳ ಅಥವಾ ಪಿಂಚಣಿ ವರ್ಷಕ್ಕೆ 12,75,000 ರೂಪಾಯಿ ದಾಟದಿದ್ದರೆ ತೆರಿಗೆಯೇ ಇಲ್ಲ. ಬೇಕೆಂದು ಹಳೆಯ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ ಆ ಕಡಿತಗಳು. 2025ರ ಹೊಸ ಕಾನೂನು 2026ರ ಎಪ್ರಿಲ್ 1ರಿಂದ ಜಾರಿ ಎಂದಿರುವುದರಿಂದ ಕಲಮುಗಳ ಸಂಖ್ಯೆಯೂ ಬೇರೆ.

ಹಾಗಾದರೆ ಮಾಜಿ ಸೈನಿಕರ ಮಕ್ಕಳಿಗೆ ಆಸರೆ ಯಾವುದು? ಪ್ರಧಾನ ಮಂತ್ರಿ ವಿದ್ಯಾರ್ಥಿವೇತನ. 2006-07ರಲ್ಲಿ ಆರಂಭವಾದ ಈ ಯೋಜನೆಯನ್ನು ಕೇಂದ್ರೀಯ ಸೈನಿಕ ಮಂಡಳಿ ನಡೆಸುತ್ತದೆ. ನರ್ಸಿಂಗ್, ಎಂಜಿನಿಯರಿಂಗ್, ಬಿ.ಎಡ್., ಬಿ.ಸಿ.ಎ.ಯಂತಹ ವೃತ್ತಿ ಕೋರ್ಸುಗಳಿಗೆ 2019-20ರಿಂದ ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000, ಗಂಡುಮಕ್ಕಳಿಗೆ 2,500 ರೂಪಾಯಿ ಲೆಕ್ಕದಲ್ಲಿ ವರ್ಷಕ್ಕೊಮ್ಮೆ ಖಾತೆಗೆ ಬರುತ್ತದೆ. ಹಿಂದಿನ ಪರೀಕ್ಷೆಯಲ್ಲಿ ಶೇ. 60 ಅಂಕ ಬೇಕು. ಹೊಸ ಅರ್ಜಿ ಕೋರ್ಸಿನ ಮೊದಲ ವರ್ಷದಲ್ಲೇ ಹಾಕಬೇಕು. ಓದಿನ ಖರ್ಚಿಗೆಂದು ಕೊಡುವ ವಿದ್ಯಾರ್ಥಿವೇತನಕ್ಕೆ ತೆರಿಗೆ ಇಲ್ಲ. ನಮ್ಮ ಮಗಳಿಗೆ ಬಂದ ವರ್ಷದ 36,000 ರೂಪಾಯಿ ಅವಳ ಹಾಸ್ಟೆಲಿನ ಖರ್ಚನ್ನು ನೀಗಿಸಿತು.

ಅಮೆರಿಕದಲ್ಲಿ ಕಾಲೇಜು ಶುಲ್ಕಕ್ಕೆ ವರ್ಷಕ್ಕೆ 2,500 ಡಾಲರ್‌ವರೆಗೆ ನೇರ ತೆರಿಗೆಯಲ್ಲೇ ಕಳೆಯುವ ವ್ಯವಸ್ಥೆಯಿದೆ. ಆದರೆ ಸೈನಿಕರಿಗೆಂದು ಸರಕಾರವೇ ಕೊಟ್ಟ ತೆರಿಗೆರಹಿತ ಹಣದಿಂದ ಶುಲ್ಕ ಕಟ್ಟಿದ್ದರೆ ಅದೇ ಹಣಕ್ಕೆ ಮತ್ತೆ ರಿಯಾಯಿತಿ ಕೇಳುವಂತಿಲ್ಲ. ಎಲ್ಲಿಯಾದರೂ ಯಾರು ಕಟ್ಟಿದರು, ಯಾವ ಹಣದಿಂದ, ಯಾವುದಕ್ಕೆ ಎಂಬುದಕ್ಕೆ ಕಾಗದ ಬೇಕು.

ಸಹೋದರಿಯರೇ, ನಿಮ್ಮ ಮನೆಯಲ್ಲಿ ಮಾಜಿ ಸೈನಿಕರಿದ್ದರೆ ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶ, ಮಕ್ಕಳ ಅಂಕಪಟ್ಟಿ, ಶುಲ್ಕದ ರಶೀದಿ ಎಲ್ಲವನ್ನೂ ಒಂದೇ ಫೈಲಿನಲ್ಲಿಡಿ. ಮಲೆನಾಡಿನ ಮಳೆಗಾಲದಲ್ಲಿ ಕಪಾಟಿನೊಳಗಿನ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ, ಪ್ಲಾಸ್ಟಿಕ್ ಚೀಲದೊಳಗಿಡಿ. ಮಾಜಿ ಸೈನಿಕನ ವಿಧವೆ ತಾನೇ ಓದಬೇಕೆಂದರೂ ಇದೇ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಯುದ್ಧದಲ್ಲಿ ಮಡಿದವರ ಕುಟುಂಬಕ್ಕೆ ಅದರಲ್ಲಿ ಮೊದಲ ಆದ್ಯತೆ. ಇದು ತಿಳಿಯದೆ ಮನೆಯಲ್ಲೇ ಕುಳಿತ ಹೆಣ್ಣುಮಗಳು ನಿಮ್ಮ ಊರಿನಲ್ಲಿದ್ದರೆ ದಯವಿಟ್ಟು ಅವಳಿಗೆ ಹೇಳಿ.