ಯಾವ ಧಾಟಿ ಸರಿ?

ಹಳೆಯ ಹಾಡೊಂದು ಹೊಸ ಧಾಟಿಯಲ್ಲಿ ಬಂದಾಗಲೆಲ್ಲ ಕೇಳುಗರು ಎರಡು ಪಂಗಡವಾಗುತ್ತಾರೆ. 'ಹಾಡಿಗೆ ಮತ್ತೆ ಜೀವ ಬಂತು' ಎನ್ನುವವರು ಕೆಲವರು. 'ನಮ್ಮ ಹಾಡನ್ನು ಕೆಡಿಸಿಬಿಟ್ಟರು' ಎಂದು ಕೊರಗುವವರು ಕೆಲವರು. ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಶಿಶುನಾಳ ಶರೀಫರ ತತ್ವಪದಗಳು.

ಶರೀಫರು ಬದುಕಿದ್ದು 1819ರಿಂದ 1889ರವರೆಗೆ. ಅವರ ಪದಗಳನ್ನು ಜನ ಪುಸ್ತಕ ನೋಡಿ ಕಲಿತದ್ದಕ್ಕಿಂತ ಕಿವಿಯಿಂದ ಕಲಿತದ್ದೇ ಹೆಚ್ಚು. ಏಕತಾರಿ, ತಾಳ, ದಮ್ಮಡಿಗಳೊಡನೆ ಭಜನಾ ಮೇಳಗಳು ಹಾಡಿ ಹಾಡಿ ಉಳಿಸಿಕೊಂಡವು. ಊರಿಗೊಂದು ಧಾಟಿ, ಮೇಳಕ್ಕೊಂದು ಎಳೆತ. ಇಂಥ ಪದಗಳಿಗೆ ಸಿ. ಅಶ್ವತ್ಥ್ ಹೊಸದಾಗಿ ರಾಗ ಸಂಯೋಜಿಸಿ, ಕ್ಯಾಸೆಟ್ಟುಗಳ ಮೂಲಕ ಮನೆಮನೆಗೆ ಮುಟ್ಟಿಸಿದರು. 1990ರಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ ಅವರದೇ ಸಂಗೀತದೊಡನೆ ಬಂದ ಮೇಲಂತೂ ಶಾಲೆಯ ಮಕ್ಕಳ ಬಾಯಲ್ಲೂ ಆ ಪದಗಳು ನಲಿದಾಡತೊಡಗಿದವು.

ಆ ವರ್ಷಗಳಲ್ಲಿ ಸಖರಾಯಪಟ್ಟಣದ ಒಂದು ಮನೆಯಲ್ಲಿ ನಡೆದ ಸಂಗತಿ ಇದು. ಶಾಲೆಯ ಗಾಯನ ಸ್ಪರ್ಧೆಗೆಂದು ಮೊಮ್ಮಗಳು ಟೇಪ್ ರೆಕಾರ್ಡರ್ ಮುಂದೆ ಕುಳಿತು ಶರೀಫರ ಪದವೊಂದನ್ನು ಕಲಿಯುತ್ತಿದ್ದಳು. ಅಯ್ಯನಕೆರೆಯ ನೀರುಣ್ಣುವ ಗದ್ದೆಯಿಂದ ಆಗಷ್ಟೇ ಬಂದು ಜಗಲಿಯಲ್ಲಿ ಕುಳಿತಿದ್ದ ಅಜ್ಜ, ಅದೇ ಪದವನ್ನು ತಮ್ಮ ಭಜನೆಯ ಧಾಟಿಯಲ್ಲಿ ಎತ್ತಿಕೊಂಡರು.

"ಅಜ್ಜ, ನೀನು ಹಾಡೋದು ತಪ್ಪು. ಕ್ಯಾಸೆಟ್ಟಲ್ಲಿ ಹಂಗಿಲ್ಲ."

"ಹೌದೇನವ್ವ? ಹಂಗಾರೆ ಅದೇ ಸರಿ ಇರಬೇಕು ಬಿಡು."

ಹುಡುಗಿಗೆ ಬಹುಮಾನ ಬಂತು. ಅಜ್ಜ ಮಾತ್ರ ಆ ಪದವನ್ನು ಮನೆಯಲ್ಲಿ ಮತ್ತೆ ಎತ್ತಲಿಲ್ಲ.

ತಪ್ಪು ಯಾರದು? ಅಶ್ವತ್ಥರದಂತೂ ಅಲ್ಲ. ಅವರ ತುಂಬು ಕಂಠವಿಲ್ಲದಿದ್ದರೆ ಎಷ್ಟೋ ಮನೆಗಳಿಗೆ ಶರೀಫರು ತಲುಪುತ್ತಲೇ ಇರಲಿಲ್ಲ. ಹುಡುಗಿಯದೂ ಅಲ್ಲ. ಟೇಪಿಗೆ ಲೇಪಿಸಿದ ಕಬ್ಬಿಣದ ಆಕ್ಸೈಡಿನ ಕಣಗಳು ಒಮ್ಮೆ ಹಾಡಿದ್ದನ್ನು ಕಾಂತೀಯ ಗುರುತುಗಳಾಗಿ ಹಿಡಿದಿಡುತ್ತವೆ. ನೂರು ಸಲ ಹಾಕಿದರೂ ಅದೇ ಎಳೆತ, ಅದೇ ನಿಲುಗಡೆ. ಮನುಷ್ಯನ ಗಂಟಲು ಹಾಗಲ್ಲ. ನಿನ್ನೆಯಂತೆ ಇಂದು ಹಾಡುವುದಿಲ್ಲ. ಬದಲಾಗದೆ ಕೇಳಿಸುವ ಒಂದು ಧಾಟಿಯನ್ನೇ ಮಕ್ಕಳು ಅಳತೆಗೋಲು ಎಂದುಕೊಂಡರೆ ಆಶ್ಚರ್ಯವೇನು?

ಇದು ನಮ್ಮಲ್ಲಿ ಮಾತ್ರ ಇರುವ ಗೊಂದಲವಲ್ಲ. ಕೆನಡಾದಲ್ಲಿ ಹುಟ್ಟಿದ ಹಿರಿಯ ಗಾಯಕ ನೀಲ್ ಯಂಗ್ 2012ರಲ್ಲಿ, ತಮ್ಮ 66ನೆಯ ವಯಸ್ಸಿನಲ್ಲಿ, 'ಅಮೆರಿಕಾನಾ' ಎಂಬ ಧ್ವನಿಮುದ್ರಿಕೆ ತಂದರು. 'ಓ ಸುಸಾನಾ', 'ಕ್ಲೆಮಂಟೈನ್'ನಂಥ, ಅಮೆರಿಕದ ಮಕ್ಕಳು ಶಾಲೆಯಲ್ಲಿ ಕಲಿಯುವ ಹಾಡುಗಳನ್ನು ಅಬ್ಬರದ ಎಲೆಕ್ಟ್ರಿಕ್ ಗಿಟಾರಿನೊಡನೆ ಹಾಡಿದರು. ಕೆಲವರು ಮೆಚ್ಚಿದರು, ಕೆಲವರಿಗೆ ಹಾಡಿನ ಗುರುತೇ ಸಿಗಲಿಲ್ಲ. ಆದರೆ ಶಾಲೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಕೆಲವು ನುಡಿಗಳನ್ನು ಯಂಗ್ ಮತ್ತೆ ಸೇರಿಸಿದ್ದರು. ಮಕ್ಕಳು ನಗುನಗುತ್ತಾ ಹಾಡುವ 'ಕ್ಲೆಮಂಟೈನ್' ನಿಜದಲ್ಲಿ ನೀರುಪಾಲಾದ ಹುಡುಗಿಯೊಬ್ಬಳ ಕಥೆ. ಅಂದಮೇಲೆ ಶಾಲೆಯಲ್ಲಿ ಕಲಿತದ್ದೇ ಮೂಲ ಎಂದು ಹೇಳುವುದು ಹೇಗೆ?

ನಮ್ಮಲ್ಲೂ ಚಕ್ರ ಒಂದು ಸುತ್ತು ತಿರುಗಿತು. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಧ್ವನಿಮುದ್ರಿಕೆಯಲ್ಲಿ ಶರೀಫರ ಪದವನ್ನು ಗಿಟಾರಿನೊಡನೆ ಹಾಡಿದಾಗ ಕಾಲೇಜು ಹುಡುಗರು ಕುಣಿದರು. ಕ್ಯಾಸೆಟ್ ಕೇಳಿ ಬೆಳೆದ ಎಷ್ಟೋ ಅಪ್ಪ ಅಮ್ಮಂದಿರು 'ಅಶ್ವತ್ಥರ ಧಾಟಿಯೇ ಸರಿ' ಎಂದು ಮುಖ ಸಿಂಡರಿಸಿದರು. ಒಂದು ಕಾಲಕ್ಕೆ ಹೊಸದಾಗಿದ್ದುದು ಅಷ್ಟರಲ್ಲೇ ಹಳತಾಗಿತ್ತು!

ಹೊಸ ಧಾಟಿ ಬರಲಿ, ಬೇಡವೆನ್ನುವವರು ಯಾರು? ಆದರೆ ಅದು ಬಂದಾಗ ಹಳೆಯ ಗಂಟಲುಗಳು ಮೌನವಾಗಬಾರದು. ಅಶ್ವತ್ಥ್ 2009ರಲ್ಲಿ ತೀರಿಕೊಂಡರು. ಅವರ ಹಾಡು ಧ್ವನಿಮುದ್ರಿಕೆಗಳಲ್ಲಿ ಉಳಿದಿದೆ. ಭಜನೆಯ ಅಜ್ಜಂದಿರ ಧಾಟಿಗೆ ಆ ಭಾಗ್ಯವಿಲ್ಲ. ವಿದ್ಯಾರ್ಥಿಗಳು ಈ ಬೇಸಿಗೆ ರಜೆಯಲ್ಲಿ ಮನೆಯ ಹಿರಿಯರಿಂದ ಒಂದೊಂದು ಪದ ಹಾಡಿಸಿ ಫೋನಿನಲ್ಲಿ ಹಿಡಿದಿಡಬಹುದು. ಯಾವ ಊರಿನ ಧಾಟಿ, ಯಾರಿಂದ ಕಲಿತದ್ದು ಎಂಬುದನ್ನೂ ಕೇಳಿ ಬರೆದುಕೊಳ್ಳಬೇಕು. ಸ್ಪರ್ಧೆಯ ತೀರ್ಪುಗಾರರು, ಮಗು ಅಜ್ಜನ ಧಾಟಿಯಲ್ಲಿ ಹಾಡಿದರೆ ಅಂಕ ಕಳೆಯದಿರಲಿ. ಅದು ತಪ್ಪಲ್ಲ, ಇನ್ನೊಂದು ಧಾಟಿ, ಅಷ್ಟೇ.